ತಾತನ ವಯಸ್ಸೆಷ್ಟು? ಮಳೆ, ಪಹಣಿ, ಹೆಳವರ ಪುಸ್ತಕ ಹೇಳುತ್ತವೆ

ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿಯಲ್ಲಿ 1930ರಲ್ಲಿ ಹುಟ್ಟಿ, ಇವತ್ತಿಗೂ ಅದೇ ಮನೆಯ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿರುವ ಹಿರಿಯರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಊರು ಬಿಟ್ಟು ಕದಲಿದವರಲ್ಲ. ಆದರೂ ಅವರ ವಿಳಾಸ ಆರು ಸಲ ಬದಲಾಗಿದೆ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1950ರಲ್ಲಿ ಅದು ಮದ್ರಾಸ್ ರಾಜ್ಯವಾಯಿತು. 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ, ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮನೆತನದ ಚರಿತ್ರೆ ಬರೆಯಲು ಕೂತವರಿಗೆ ಎದುರಾಗುವ ಮೊದಲ ತೊಡಕು ಇದು. ಕಾಗದಪತ್ರ ಒಂದೇ ಕಚೇರಿಯಲ್ಲಿಲ್ಲ. ಎರಡನೆಯ ತೊಡಕು ನಾವೇ ಮಾಡಿಕೊಂಡದ್ದು. ಹಿರಿಯರ ಹೆಸರು, ವಯಸ್ಸು, ಸಂಬಂಧ ಹುಡುಕುವ ಕೆಲಸ ಬಹುತೇಕ ಮನೆಗಳಲ್ಲಿ ಶುರುವಾಗುವುದು ಅವರು ತೀರಿಕೊಂಡ ಮೇಲೆ, ಪೌತಿ ಖಾತೆಗೆ ನಾಡಕಚೇರಿ ಅಲೆಯುವಾಗ. ಅಷ್ಟರಲ್ಲಿ ಕೇಳಿ ತಿಳಿಯಬೇಕಾದ ಬಾಯಿ ಮುಚ್ಚಿರುತ್ತದೆ. ಆದ್ದರಿಂದ ಮೊದಲು ಮಾತು, ಆಮೇಲೆ ಕಾಗದ.

ನೂರರ ಲೆಕ್ಕ

ಹಲ್ಲು ಬಿದ್ದು ಸೊಂಟ ಬಾಗಿದ ಪ್ರತಿ ಅಜ್ಜಿಗೂ ಊರಿನವರು ನೂರು ವರ್ಷ ಕಟ್ಟಿಬಿಡುತ್ತಾರೆ. ಗೌರವದ ಮಾತು, ತಪ್ಪೇನಿಲ್ಲ. ಬರೆದಿಡುವಾಗ ಮಾತ್ರ ಸ್ವಲ್ಪ ಗಟ್ಟಿಯಾಗಿರಬೇಕು. ಜನಗಣತಿಯವರಿಗೆ ಈ ಚಾಳಿ ಚೆನ್ನಾಗಿ ಗೊತ್ತು. ಹುಟ್ಟಿದ ವರ್ಷ ಗೊತ್ತಿಲ್ಲದ ಕಡೆ ಜನ 60, 65, 70, 80 ಎಂದು ಸೊನ್ನೆ ಅಥವಾ ಐದಕ್ಕೆ ಮುಗಿಯುವ ಅಂಕಿಯನ್ನೇ ಹೇಳುತ್ತಾರೆ. 67, 73 ಹೇಳುವವರು ಕಡಿಮೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಲ ಬದುಕಿದವರೆಂದು ದಾಖಲಾಗಿರುವ ಫ್ರಾನ್ಸಿನ ಜೀನ್ ಕಾಲ್ಮೆಂಟ್ 1875ರಲ್ಲಿ ಹುಟ್ಟಿ 1997ರಲ್ಲಿ, 122ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ವಯಸ್ಸನ್ನು ಪರಿಣತರು ಒಪ್ಪಿದ್ದು ಹುಟ್ಟಿನ ದಾಖಲೆ, ಮದುವೆಯ ದಾಖಲೆ, ಒಂದರ ಮೇಲೊಂದು ಜನಗಣತಿಯ ಹಾಳೆ ಎಲ್ಲ ಹೊಂದಿಕೊಂಡದ್ದರಿಂದ. ನಮ್ಮಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ (1907–2019), ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ (1913–2021), ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ (1918–2021) ಇವರ ವರ್ಷಗಳನ್ನು ಧೈರ್ಯವಾಗಿ ಬರೆಯಬಹುದು. ಓದು, ಮಠ, ಕೆಲಸ, ಹೋರಾಟ ಎಂದು ಅವರ ಬದುಕಿನುದ್ದಕ್ಕೂ ಕಾಗದ ಬೆಳೆದಿದೆ. ಹೊಲದಲ್ಲೇ ಬಾಳು ಸವೆಸಿದ ಅಜ್ಜಿಗೆ ಅಂಥ ಕಾಗದ ಎಲ್ಲಿಂದ ಬರಬೇಕು?

ಆಧಾರ್ ಕಾರ್ಡನ್ನು ನಂಬಬೇಡಿ. ಹುಟ್ಟಿದ ತಾರೀಖು ಜನವರಿ 1 ಎಂದಿದ್ದರೆ ವರ್ಷವನ್ನು ಅಂದಾಜಿನ ಮೇಲೆ ಬರೆಸಿದ್ದಾರೆ ಎಂದೇ ಬಹುಪಾಲು ಅರ್ಥ. ಶಾಲೆಯ ದಾಖಲಾತಿ ಪುಸ್ತಕ ಅದಕ್ಕಿಂತ ಹಳೆಯದು, ಆದರೆ ಅದರಲ್ಲೂ ಜೂನ್ 1 ಕಂಡರೆ ಅನುಮಾನ ಇರಲಿ; ಅದು ಮಗು ಹುಟ್ಟಿದ ದಿನವಲ್ಲ, ಮೇಷ್ಟ್ರಿಗೆ ಅನುಕೂಲವಾದ ದಿನ.

ಹಾಗಾದರೆ ದಾರಿ ಯಾವುದು? ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಹೋಬಳಿಯ ಒಬ್ಬ ಅಜ್ಜಿಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಆಧಾರ್‌ನಲ್ಲಿ 1925ರ ಜನವರಿ 1 ಎಂದಿದೆ, ಮನೆಯವರು ನೂರು ತುಂಬಿತೆಂದು ಸನ್ಮಾನಕ್ಕೂ ಯೋಚಿಸಿದ್ದಾರೆ. "ನೀವು ಹುಟ್ಟಿದ್ದು ಯಾವಾಗ?" ಎಂದರೆ ಅಜ್ಜಿಗೆ ನಗು. "ಗಾಂಧಿ ಸತ್ತಾಗ ನಿಮಗೆ ಗೊತ್ತಾಯಿತಾ?" ಎಂದು ಕೇಳಿದರೆ, "ಗೊತ್ತಾಗದ ಏನು, ಊರಾಗ ಒಲಿ ಹಚ್ಚಲಿಲ್ಲ, ನನ್ನ ಕಂಕುಳಾಗ ಹಿರೇ ಮಗ ಇದ್ದ" ಎನ್ನುತ್ತಾಳೆ. ಅಂದರೆ 1948ರ ಜನವರಿ ಕೊನೆಗೆ ಚೊಚ್ಚಲ ಕೂಸು ಇನ್ನೂ ಕಂಕುಳಲ್ಲಿತ್ತು. ಅದು ಹುಟ್ಟಿದ್ದು 1947ರ ಆಸುಪಾಸು. ಮದುವೆಯಾದ ಎಷ್ಟು ವರ್ಷಕ್ಕೆ ಕೂಸು? ನಾಲ್ಕು ವರ್ಷಕ್ಕೆ. ಮದುವೆಯಲ್ಲಿ ಮೈನೆರೆದಿತ್ತೇ? ಇಲ್ಲ, ಹನ್ನೆರಡು ಹದಿಮೂರರ ಹುಡುಗಿ. ಮದುವೆ 1943ರ ಸುಮಾರಿಗೆ, ಹುಟ್ಟು 1930–31ಕ್ಕೆ. ನೂರಲ್ಲ, ತೊಂಬತ್ತೈದರ ಆಸುಪಾಸು. ಇಷ್ಟಕ್ಕೇ ಬಿಡಬಾರದು, ಒಡಹುಟ್ಟಿದವರ ಸಾಲನ್ನೂ ಕೇಳಬೇಕು. ಅಣ್ಣ, ಅಕ್ಕ, ನಡುವೆ ಸತ್ತ ಎರಡು ಕೂಸು, ಆಮೇಲೆ ತಾನು, ತನ್ನ ಬೆನ್ನಿಗೆ ಬಿದ್ದ ತಮ್ಮ. ತಮ್ಮನಿಗೆ ಸರ್ಕಾರಿ ನೌಕರಿ ಇದ್ದರೆ ಅವನ ನಿವೃತ್ತಿಯ ವರ್ಷವೊಂದು ಗಟ್ಟಿ ಗೂಟ. ಅಲ್ಲಿಂದ ಹಿಂದಕ್ಕೆ ಎಣಿಸಿ ಬಂದ ಲೆಕ್ಕ ಮೊದಲಿನದಕ್ಕೆ ಹೊಂದಿದರೆ "1930–31" ಎಂದು ಬರೆಯಿರಿ, "ಅಂದಾಜು" ಎಂಬ ಮಾತನ್ನು ಜೊತೆಗೇ ಬರೆಯಿರಿ. ಸನ್ಮಾನ ಬೇಕಿದ್ದರೆ ಮಾಡಿ, ತೊಂಬತ್ತೈದೇನು ಸಣ್ಣದೇ?

ಇಂಥ ಗೂಟಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. 1934ರ ಮಾರ್ಚ್‌ನಲ್ಲಿ ಗಾಂಧೀಜಿ ಹರಿಜನ ಯಾತ್ರೆಯ ಮೇಲೆ ಬಳ್ಳಾರಿ ಜಿಲ್ಲೆಗೆ ಬಂದದ್ದು, 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮೊದಲಾದದ್ದು, 1948ರ ಸೆಪ್ಟೆಂಬರ್‌ನಲ್ಲಿ ಹೊಳೆಯಾಚೆಯ ಹೈದರಾಬಾದ್ ಸೀಮೆಗೆ ಸೈನ್ಯ ನುಗ್ಗಿದ್ದು, ಅದಕ್ಕೂ ಮೊದಲು ರಜಾಕಾರರಿಗೆ ಹೆದರಿ ಆಚೆ ದಡದ ಜನ ಈ ಕಡೆ ಬಂದದ್ದು, 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂದದ್ದು, 1972ರ ಬರ. ಕೂಲಿ ಎಷ್ಟು ಸಿಗುತ್ತಿತ್ತು ಎಂದು ಕೇಳಿದಾಗ ಉತ್ತರ ಆಣೆಯಲ್ಲಿ ಬಂದರೆ 1957ಕ್ಕೆ ಹಿಂದಿನ ಮಾತು. ಕೊಟ್ಟೂರೇಶ್ವರನ ತೇರು ಮುರಿದುಬಿದ್ದ 2017ರ ಫೆಬ್ರುವರಿ 21 ಈಚಿನ ಸಾವುಗಳ ಗುರುತಿಗೆ ಸಾಕು. "ತೇರು ಬಿದ್ದ ಮುಂದಿನ ವರ್ಷ ದೊಡ್ಡಪ್ಪ ಹೋದ" ಎಂದು ಹೇಳುವ ಮನೆಗಳಿವೆ.

ಧಾತು, ಕಾಳಯುಕ್ತಿ, ರೋಹಿಣಿ

ಎಂಬತ್ತು ದಾಟಿದವರಲ್ಲಿ ಅನೇಕರಿಗೆ ಇಸವಿಗಿಂತ ಸಂವತ್ಸರ ನೆನಪಿರುತ್ತದೆ. ಇದು ಒಳ್ಳೆಯ ಬೀಗದ ಕೈ, ಜೊತೆಗೆ ಅಪಾಯವೂ. ಪ್ರಭವದಿಂದ ಕ್ಷಯದವರೆಗೆ ಅರವತ್ತು ಹೆಸರು ಮುಗಿದು ಮತ್ತೆ ಮೊದಲಿಗೆ ಬರುವುದರಿಂದ ಒಂದು ಹೆಸರಿಗೆ ಅರವತ್ತು ವರ್ಷ ಅಂತರದ ಎರಡು ಮೂರು ಇಸವಿಗಳು ಹೊಂದುತ್ತವೆ. ಪ್ರಭವ 1867, 1927, 1987ರಲ್ಲಿ ಬಂತು. ಅದನ್ನು ಮೊದಲನೆಯದೆಂದು ಹಿಡಿದು ಪಂಚಾಂಗದ ಪಟ್ಟಿಯಲ್ಲಿ ಎಣಿಸುತ್ತ ಹೋದರೆ ಯಾವುದನ್ನೂ ಕಂಡುಕೊಳ್ಳಬಹುದು. ಹತ್ತನೆಯದು ಧಾತು: 1876, 1936, 1996. ಐವತ್ತೆರಡನೆಯದು ಕಾಳಯುಕ್ತಿ: 1918, ಅಂದರೆ ಇನ್‌ಫ್ಲುಯೆಂಜಾ ಜ್ವರದಲ್ಲಿ ಮನೆಗಳು ಖಾಲಿಯಾದ ವರ್ಷ. ಸರ್ವಜಿತು 1947, ವಿಜಯ 1953. ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿಗಲ್ಲ ಎಂಬುದು ನೆನಪಿರಲಿ. ಗಾಂಧೀಜಿ ಹತ್ಯೆಯಾದ 1948ರ ಜನವರಿ 30 ಇನ್ನೂ ಸರ್ವಜಿತುವಿನಲ್ಲೇ ಇದೆ.

ತಿಂಗಳಿಗೆ ಮಳೆ ನಕ್ಷತ್ರದಷ್ಟು ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. "ರೋಣಿ ಮಳಿ ಹುಯ್ದು ಬಿತ್ತಿಗಿ ನಡೆದಾಗ ಹುಟ್ಟಿದ" ಎಂದರೆ ಮೇ 25ರಿಂದ ಜೂನ್ 7ರ ಒಳಗೆ. ಹಸ್ತ ಎಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರ ಸುಮಾರಿಗೆ, ಸ್ವಾತಿ ಎಂದರೆ ಅಕ್ಟೋಬರ್ 24ರ ನಂತರದ ಹದಿಮೂರು ಹದಿನಾಲ್ಕು ದಿನ. ತಿಥಿಗಳು ವರ್ಷ ವರ್ಷ ಹಿಂದೆ ಮುಂದೆ ಸರಿಯುತ್ತವೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು, ತಾರೀಖು ಹೆಚ್ಚೆಂದರೆ ಒಂದು ದಿನ ಆಚೀಚೆ. ಜಾತ್ರೆಗಳೂ ಕೆಲಸಕ್ಕೆ ಬರುತ್ತವೆ. ಹಡಗಲಿ ತಾಲೂಕಿನ ಮೈಲಾರದ ಜಾತ್ರೆ ಭರತ ಹುಣ್ಣಿಮೆಗೆ. ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಪ್ರತಿ ವರ್ಷ ಬೇರೆ. ಯಾವ ಕಾರಣಿಕ ಆದ ವರ್ಷ ಎಂದು ಹಿರಿಯರು ಹೇಳಿದರೆ ಈಚಿನ ದಶಕಗಳದ್ದನ್ನು ಹಳೆಯ ಪತ್ರಿಕೆಗಳಲ್ಲಿ ತಾಳೆ ನೋಡಬಹುದು.

ಈ ಸೀಮೆಯ ನೆನಪಿನಲ್ಲಿ ಎಲ್ಲಕ್ಕಿಂತ ಆಳದಲ್ಲಿರುವುದು ಧಾತು ವರ್ಷದ ಬರ. 1876ರಲ್ಲಿ ಮಳೆ ಕೈಕೊಟ್ಟು 1878ರವರೆಗೆ ನಡೆದ ಆ ಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಪೈಕಿ ಬಳ್ಳಾರಿ ತುಂಬ ನಲುಗಿತು. ಅದನ್ನು ಕಂಡವರು ಇಂದು ಯಾರೂ ಇಲ್ಲ, ಕಂಡವರಿಂದ ಕೇಳಿದವರು ಇದ್ದಾರೆ. 1860ರಲ್ಲಿ ಹುಟ್ಟಿದ ಅಜ್ಜಿ ಎಂಬತ್ತೈದು ವರ್ಷ ಬದುಕಿದ್ದರೆ, 1935ರಲ್ಲಿ ಹುಟ್ಟಿದ ಮೊಮ್ಮಗ ಹತ್ತನೇ ವಯಸ್ಸಿನವರೆಗೂ ಅವಳ ಸೆರಗಿನಲ್ಲೇ ಮಲಗಿರುತ್ತಾನೆ. ಆ ಮೊಮ್ಮಗನಿಗೆ ಈಗ ತೊಂಬತ್ತು. ಎರಡೇ ಬಾಯಿ ದಾಟಿದರೆ ಧಾತು ವರ್ಷ! ದೀರ್ಘಾಯುಷಿಗಳಿದ್ದ ಮನೆಯ ದೊಡ್ಡ ಆಸ್ತಿ ಇದು. ಹಿರಿಯರನ್ನು ಮಾತಿಗೆ ಕೂರಿಸಿದಾಗ "ನಿಮ್ಮ ಕಾಲದಲ್ಲಿ" ಎಂದು ಕೇಳುವುದರ ಜೊತೆಗೆ "ನಿಮ್ಮ ಅಜ್ಜಿ ನಿಮಗೆ ಏನು ಹೇಳುತ್ತಿದ್ದರು?" ಎಂದೂ ಕೇಳಲೇಬೇಕು. ಬಹಳ ಮಂದಿ ಈ ಪ್ರಶ್ನೆಯನ್ನು ಮರೆಯುತ್ತಾರೆ. ಬರದಲ್ಲಿ ಯಾವ ಸೊಪ್ಪು, ಯಾವ ಗೆಡ್ಡೆ ತಿಂದರು, ಯಾವ ದಿಕ್ಕಿಗೆ ಗುಳೆ ಹೋದರು, ಯಾರು ತಿರುಗಿ ಬರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಪ್ಲೇಗಿಗೆ ಊರು ಬಿಟ್ಟು ಯಾರ ಹೊಲದಲ್ಲಿ ಗುಡಿಸಲು ಹಾಕಿದರು. ಇಂಥವು ಮನೆಮಾತಿನಲ್ಲಿ ಮಾತ್ರ ಉಳಿಯುತ್ತವೆ.

ಮಾತಿಗೆ ಕೂರಿಸುವುದು

ಹಬ್ಬದ ಗದ್ದಲದಲ್ಲಿ, ಮೊಮ್ಮಕ್ಕಳೆಲ್ಲ ಸುತ್ತ ನೆರೆದಾಗ ಫೋನ್ ಹಿಡಿದು "ತಾತ, ಏನಾದ್ರೂ ಹೇಳು" ಎಂದರೆ ಸಿಗುವುದು ಆಶೀರ್ವಾದ, ಅಷ್ಟೇ. ಬೆಳಗಿನ ಹೊತ್ತು, ಚಹಾ ಆದ ಮೇಲೆ, ಒಬ್ಬಿಬ್ಬರೇ ಇರುವಾಗ ಕೂರಬೇಕು. ಕಿವಿ ಚೆನ್ನಾಗಿ ಕೇಳುವ ಮಗ್ಗುಲಿಗೆ ಕೂರಬೇಕು. ಫ್ಯಾನು ಆರಿಸಿ, ಟಿವಿ ಆರಿಸಿ, ಫೋನನ್ನು ಮಡಚಿದ ಟವೆಲ್ ಮೇಲೆ ಅವರ ಬಾಯಿಗೆ ಹತ್ತಿರವಿಡಿ. ಬರಿ ನೆಲದ ಮೇಲಿಟ್ಟರೆ ಅಡಕೊತ್ತಿನ ಸದ್ದೇ ಮಾತಿಗಿಂತ ಜೋರಾಗಿ ಕೇಳುತ್ತದೆ. ಒಂದು ತಾಸು ಸಾಕು, ಅದಕ್ಕಿಂತ ಹೆಚ್ಚು ದಣಿಸಬಾರದು. ಶುರುವಿಗೆ ದಿನಾಂಕ, ಊರು, ಯಾರು ಮಾತಾಡುತ್ತಿದ್ದಾರೆ, ಕೂತವರು ಯಾರು ಎಂದು ನಿಮ್ಮ ದನಿಯಲ್ಲೇ ಹೇಳಿ. ಇಪ್ಪತ್ತು ವರ್ಷದ ಮೇಲೆ ಕೇಳುವವರಿಗೆ ಅದೊಂದೇ ದಾರಿ ತೋರುವ ಮಾತು.

ಪ್ರಶ್ನೆ ವಸ್ತುವಿನ ಮೇಲಿರಲಿ. "ಬಾಲ್ಯ ಹೇಗಿತ್ತು?" ಎಂದರೆ "ಬಡತನ" ಎಂದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಮನೆಯಲ್ಲಿ ಹಗೇವು ಎಲ್ಲಿತ್ತು, ಎಷ್ಟು ಚೀಲ ಜೋಳ ಹಿಡಿಯುತ್ತಿತ್ತು, ಅದರೊಳಗೆ ಯಾರು ಇಳಿಯುತ್ತಿದ್ದರು ಎಂದು ಕೇಳಿ ನೋಡಿ. ಹಗೇವಿನಿಂದ ಜೋಳಕ್ಕೆ, ಜೋಳದಿಂದ ಸಾಲಕ್ಕೆ, ಸಾಲದಿಂದ ಮಾರಿದ ಹೊಲಕ್ಕೆ ಮಾತು ತಾನಾಗಿ ಹರಿಯುತ್ತದೆ. ಹಳೆಯ ಬಿತ್ತನೆ ಕೂರಿಗೆ, ಬೀಸುಕಲ್ಲು, ಮದುವೆಯ ಕೊಪ್ಪರಿಗೆ ಇದ್ದರೆ ಮುಂದಿಟ್ಟು ಕೇಳಿ. ನಡುವೆ ತಿದ್ದಬೇಡಿ. ಇಬ್ಬರು ಅಕ್ಕತಂಗಿಯರು ಒಂದೇ ಮದುವೆಯನ್ನು ಎರಡು ಊರಿನಲ್ಲಿ ನಡೆಸಿದರೆ ಎರಡನ್ನೂ ಬರೆದುಕೊಳ್ಳಿ, ಯಾವುದು ಸರಿ ಎಂಬ ತೀರ್ಪು ಆಮೇಲಾಗಲಿ.

ಮುಳುಗಡೆಯಾದ ಊರಿನವರ ಮಾತು ಬೇರೆಯೇ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಹೊಸಪೇಟೆ, ಹಡಗಲಿ ಕಡೆಯ ಹತ್ತಾರು ಊರುಗಳನ್ನು ನುಂಗಿತು. ಅಂಥವರಿಗೆ ಊರಿನ ನಕ್ಷೆ ಹಾಕಿಸುವುದು ಅತ್ಯಂತ ಫಲ ಕೊಡುವ ಉಪಾಯ. ಕಾಗದ ಪೆನ್ನು ಕೊಟ್ಟರೆ ಓದು ಬಾರದವರು ಹಿಂಜರಿಯುತ್ತಾರೆ. ಒಂದು ಬೊಗಸೆ ಹುಣಸೆ ಬೀಜ ಕೊಡಿ. ಇದು ಅಗಸೆ ಬಾಗಿಲು, ಇದು ಹನುಮಪ್ಪನ ಗುಡಿ, ಇದು ನಮ್ಮ ಮನೆ, ಮಗ್ಗುಲಿಗೆ ಬಡಿಗೇರ ಮನೆ, ಹಿಂದೆ ಬಾವಿ ಎಂದು ನೆಲದ ಮೇಲೆ ಬೀಜ ಇಡುತ್ತಾ ಹೋದಂತೆ ಬೀದಿ ಬೀದಿಯೇ ಎದ್ದು ಬರುತ್ತದೆ. ಮೇಲಿನಿಂದ ಒಂದು ಫೋಟೊ ತೆಗೆದು, ಪ್ರತಿ ಬೀಜಕ್ಕೂ ಅವರ ಬಾಯಿಂದ ಬಂದ ಹೆಸರು ಬರೆದಿಟ್ಟರೆ ನೀರಿನಡಿಯ ಊರಿನ ಮನೆಪಟ್ಟಿ ಸಿದ್ಧ.

ಹೀಗೆ ಮುಳುಗಿದ ಊರುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿನವರು ಬಹಳ ಮಂದಿ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹರಪನಹಳ್ಳಿ ಭೀಮವ್ವ (1823–1903) ಹುಟ್ಟಿದ್ದು ಅದೇ ನಾರಾಯಣದೇವರಕೆರೆಯಲ್ಲಿ, ಹರಪನಹಳ್ಳಿ ಅವರ ಗಂಡನ ಊರು. ಎಂಬತ್ತು ವರ್ಷ ಬಾಳಿದ ಈ ಹರಿದಾಸಿ ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ ಕಟ್ಟಿದ ಹಾಡುಗಳು ಹಸೆಗೆ, ಆರತಿಗೆ, ಹಬ್ಬಕ್ಕೆ ಹೆಂಗಸರ ಬಾಯಲ್ಲಿ ಮನೆಯಿಂದ ಮನೆಗೆ ಹೋದವು. ಊರು ನೀರಿಗೆ ಹೋದರೂ ಹಾಡು ಹೋಗಲಿಲ್ಲ. ಪಕ್ಕದ ಸಂಡೂರು ತಾಲೂಕಿನ ದರೋಜಿ ಈರಮ್ಮನವರದು ಇನ್ನೂ ಹತ್ತಿರದ ನಿದರ್ಶನ. 2014ರಲ್ಲಿ ತೀರಿಕೊಂಡ ಈ ಬುರ್ರಕಥೆಯ ಕಲಾವಿದೆ ಓದು ಬರಹ ಇಲ್ಲದೆ ಹತ್ತಕ್ಕೂ ಹೆಚ್ಚು ಮಹಾಕಾವ್ಯಗಳನ್ನು ಬಾಯಲ್ಲಿ ಹೊತ್ತಿದ್ದರು. ವಿದ್ವಾಂಸರು ಅವರ ಎದುರು ಕೂತು ಕೇಳಿ ಬರೆದುಕೊಂಡದ್ದರಿಂದ ಅವು ಅಚ್ಚಿಗೂ ಬಂದವು. ಆದ್ದರಿಂದ ಮನೆಯ ಅಜ್ಜಿ ಹಾಡು ಹೇಳುತ್ತೇನೆಂದರೆ "ಅದು ಬ್ಯಾಡವ್ವ, ವಿಷಯ ಹೇಳು" ಎಂದು ತಡೆಯಬೇಡಿ. ಸೋಬಾನೆಯಲ್ಲಿ ಬೀಗರ ಊರಿನ ಹೆಸರಿರುತ್ತದೆ, ಜೋಗುಳದಲ್ಲಿ ಸತ್ತ ಕೂಸಿನ ಹೆಸರಿರುತ್ತದೆ.

ಹೆಳವರ ಪುಸ್ತಕ

ಉತ್ತರ ಕರ್ನಾಟಕದ ಮನೆತನಗಳಿಗೆ ಜಗತ್ತಿನ ಬಹುಪಾಲು ಜನರಿಗಿಲ್ಲದ ಒಂದು ಭಾಗ್ಯವಿದೆ: ಮನೆ ಬಾಗಿಲಿಗೆ ಬಂದು ನಿಮ್ಮ ವಂಶವನ್ನು ನಿಮಗೇ ಓದಿ ಹೇಳುವ ಹೆಳವರು. ಹಿಂದೆ ಗಂಟೆ ಕಟ್ಟಿದ ಎತ್ತಿನ ಮೇಲೆ, ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಈಗ ಬೈಕಿನಲ್ಲಿ, ಟೆಂಪೊದಲ್ಲಿ ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಅವರ ತಿರುಗಾಟ. ಯಾವ ಹೆಳವ ಕುಟುಂಬಕ್ಕೆ ಯಾವ ಊರು, ಯಾವ ಮನೆತನ ಎಂಬುದು ಅವರೊಳಗೇ ಪಾಲಾಗಿದ್ದು, ಅಪ್ಪನಿಂದ ಮಗನಿಗೆ ಬರುತ್ತದೆ. ಬಾಗಿಲಲ್ಲಿ ನಿಂತು ಮೂಲ ಪುರುಷನಿಂದ ಹಿಡಿದು ಇವತ್ತಿನ ಕೂಸಿನವರೆಗೆ ಹೆಸರು ಕೊಂಡಾಡುತ್ತಾರೆ, ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ, ಕಾಳು, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ ಹೋಗುತ್ತಾರೆ.

ಹೆಳವರಿಂದ ಸಿಗುವ ಬೆಲೆಯುಳ್ಳ ಸಂಗತಿ ಹೆಸರುಗಳಿಗಿಂತ ಮಿಗಿಲಾಗಿ ಊರು. ನಿಮ್ಮ ಮನೆತನ ಮೂಲದಲ್ಲಿ ಎಲ್ಲಿಯದು, ಎಷ್ಟು ತಲೆ ಹಿಂದೆ ಅಲ್ಲಿಂದ ಎದ್ದಿತು, ನಡುವೆ ಎಲ್ಲೆಲ್ಲಿ ತಂಗಿತು, ಒಡೆದುಹೋದ ದಾಯಾದಿಗಳು ಎಲ್ಲಿದ್ದಾರೆ ಎಂಬ ಸಂಗತಿ ಯಾವ ತಾಲೂಕು ಕಚೇರಿಯಲ್ಲೂ ಇರುವುದಿಲ್ಲ. ಮಿತಿಯೂ ಇದೆ. ಹೊಗಳಿಕೆ ಅವರ ವೃತ್ತಿಯ ಭಾಗ, ಮೂಲ ಪುರುಷ ಎಲ್ಲ ಮನೆಗಳಲ್ಲೂ ಶೂರನೇ. ಹೆಣ್ಣುಮಕ್ಕಳ ಹೆಸರು ಅಪರೂಪ. ಮೇಲಿನ ತಲೆಮಾರುಗಳನ್ನು ಕಥೆ ಎಂದೂ, ಕೆಳಗಿನ ನಾಲ್ಕೈದು ತಲೆಮಾ­ರುಗಳನ್ನು ಸಾಕ್ಷಿ ಎಂದೂ ಓದಿಕೊಂಡರೆ ಮೋಸವಿಲ್ಲ. ನಿಮ್ಮ ಮನೆಗೆ ಬರುವ ಹೆಳವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಒಪ್ಪಿಗೆ ಕೇಳಿ ಅವರ ಓದನ್ನು ಧ್ವನಿಮುದ್ರಿಸಿಕೊಳ್ಳಿ. ಪುಸ್ತಕದ ಪುಟ ಪುಟವನ್ನೂ ಫೋಟೊ ಹೊಡೆದುಕೊಂಡು ಐವತ್ತು ರೂಪಾಯಿ ಕೊಟ್ಟು ಕಳಿಸುವವರಿದ್ದಾರೆ. ಅದು ಅವರ ಅನ್ನದ ಪುಸ್ತಕ ಎಂಬ ಅರಿವಿರಲಿ.

ಹೆಳವರು ಬಾರದ ಮನೆಗಳಲ್ಲಿ ಬೆಡಗು, ಅಂದರೆ ಕುಲದ ಕವಲು, ನೆನಪಿರುತ್ತದೆ. ಕೂಡ್ಲಿಗಿ ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳ ಗೂಡು ಯಾವುದು, ಅವನ್ನು ಕಾಯುವ ಕಿಲಾರಿ ಯಾರ ಮನೆಯವರು ಎಂದು ಕೇಳಿದರೆ ಬೆಡಗಿನ ಸಂಬಂಧಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಇನ್ನು ಹೆಸರಿನ ಗೊಂದಲ: ತಾತನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದೇ ಮನೆಯಲ್ಲಿ ಮೂವರು ಕೊಟ್ರಪ್ಪ, ನಾಲ್ವರು ಮೈಲಾರಪ್ಪ ಇರುತ್ತಾರೆ. ಹೆಸರಿನ ಮುಂದೆ ಅಪ್ಪನ ಹೆಸರು, ಹೆಂಡತಿಯ ಹೆಸರು, ಆಕೆಯ ತವರೂರು ಬರೆಯದಿದ್ದರೆ ಮುಂದಿನವರಿಗೆ ಯಾವ ಕೊಟ್ರಪ್ಪ ಎಂದು ತಿಳಿಯುವುದೇ ಇಲ್ಲ. ಊರಿಗೂ ಇದೇ ಮಾತು. ಹೊಸಹಳ್ಳಿ ಎಂದಷ್ಟೇ ಬರೆದರೆ ರಾಜ್ಯದ ತುಂಬ ಹೊಸಹಳ್ಳಿಗಳಿವೆ. ಗ್ರಾಮ, ಹೋಬಳಿ, ತಾಲೂಕು ಮೂರನ್ನೂ ಬರೆಯಿರಿ.

ಕಚೇರಿಯ ಕಾಗದ

ಮಾತು ಮುಗಿದ ಮೇಲೆ ಪಹಣಿ. 2000ದ ನಂತರ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದರ ಹಿಂದಿನ ಕೈಬರಹದ ಪಹಣಿ, ಮ್ಯುಟೇಷನ್ ಪುಸ್ತಕ ತಾಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿವೆ; 2024ರಿಂದ ಭೂ ಸುರಕ್ಷಾ ಯೋಜನೆಯಡಿ ಅವನ್ನೂ ಸ್ಕ್ಯಾನ್ ಮಾಡಲಾಗುತ್ತಿದೆ. ಅರ್ಜಿಯಲ್ಲಿ ತಾತನ ಹೆಸರಿಗಿಂತ ಸರ್ವೆ ನಂಬರ್ ಮುಖ್ಯ. ಹೊಲ ಯಾರಿಂದ ಯಾರಿಗೆ, ಯಾವ ವರ್ಷ, ಪೌತಿಯಿಂದಲೋ ಭಾಗದಿಂದಲೋ ಕ್ರಯದಿಂದಲೋ ಎಂಬುದು ಮ್ಯುಟೇಷನ್ ಕಲಮಿನಲ್ಲಿ ಇರುತ್ತದೆ. ಪೌತಿಯಿಂದ ಬದಲಾದದ್ದಾದರೆ ಹಿಂದಿನ ಖಾತೆದಾರ ಅದಕ್ಕೂ ಮೊದಲೇ ಸತ್ತಿರುತ್ತಾನೆ. ಕೆಲವು ಮನೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಮೊದಲು.

1953ಕ್ಕಿಂತ ಹಿಂದಿನದು ಮದ್ರಾಸ್ ಕಾಲದ ಬರಹ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಹೊಲ ಹೊಲ ಅಳೆಸಿ ರೈತವಾರಿ ಕಂದಾಯ ಕಟ್ಟಿಸಿದ. ಹಾಗಾಗಿ ಇಲ್ಲಿ ಜಮೀನ್ದಾರನ ಲೆಕ್ಕವಲ್ಲ, ನೇರ ರೈತನ ಹೆಸರೇ ಪುಸ್ತಕಕ್ಕೆ ಹತ್ತುವ ಪದ್ಧತಿ ಬಹಳ ಹಿಂದೆಯೇ ಬಂತು. ಅಡಂಗಲ್, ಸೆಟಲ್‌ಮೆಂಟ್ ರಿಜಿಸ್ಟರ್‌ಗಳಲ್ಲಿ ಇಂಗ್ಲಿಷ್, ತೆಲುಗು ಕಂಡರೆ ಗಾಬರಿಯಾಗಬೇಡಿ. ಹಳೆಯ ಬಳ್ಳಾರಿ ಜಿಲ್ಲಾಡಳಿತದ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಸಾಮಾನ್ಯ ರೈತ ಮನೆತನ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳದು. ಪಾಳೆಯಗಾರ, ಇನಾಂದಾರ, ಕರಣಂ, ಗೌಡಿಕೆಯ ಮನೆಗಳಿಗೆ ಮಾತ್ರ ಆ ಖರ್ಚು ದಂಡವಲ್ಲ. ಗ್ರಾಮಾಧಿಕಾರದ ವಂಶಪಾರಂಪರ್ಯ ಹುದ್ದೆಗಳು 1963ರಲ್ಲಿ ರದ್ದಾದವು; ಅಂಥ ಮನೆಗಳ ಅಟ್ಟದ ಮೇಲೆ ಊರಿನ ಲೆಕ್ಕದ ಕಟ್ಟು ಇನ್ನೂ ಇದ್ದರೂ ಇರಬಹುದು. ಊರಿನ ಸಾಮಾನ್ಯ ಹಿನ್ನೆಲೆಗೆ ಜಾನ್ ಕೆಲ್ಸಾಲ್ ಬರೆದ 1872ರ ಬಳ್ಳಾರಿ ಮ್ಯಾನ್ಯುಯಲ್, ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಗೆಜೆಟಿಯರ್ ಓದಬಹುದು.

ತಾಲೂಕು ಗಡಿ ಬದಲಾದದ್ದನ್ನೂ ಗಮನಿಸಬೇಕು. 1953ರಲ್ಲಿ ಹಗರಿಬೊಮ್ಮನಹಳ್ಳಿ ಎಂಬ ತಾಲೂಕೇ ಇರಲಿಲ್ಲ. ಆ ಭಾಗದ ಹಳೆಯ ಕಡತಕ್ಕೆ ಅಕ್ಕಪಕ್ಕದ ಹಡಗಲಿ, ಕೂಡ್ಲಿಗಿ, ಹೊಸಪೇಟೆಗಳಲ್ಲಿ ವಿಚಾರಿಸಬೇಕು. ಕೊಟ್ಟೂರಿನ ಹಳೆಯದು ಕೂಡ್ಲಿಗಿಯಲ್ಲಿ. ಹರಪನಹಳ್ಳಿಯವರು 1997ರಿಂದ 2018ರ ನಡುವಿನ ಜಿಲ್ಲಾ ಮಟ್ಟದ ಕಡತಕ್ಕೆ ದಾವಣಗೆರೆಯನ್ನೂ ಕೇಳಬೇಕಾದೀತು. ಮತದಾರರ ಪಟ್ಟಿಗೂ ಅದೇ ಕಥೆ: 1952ರ ಮೊದಲ ಚುನಾವಣೆಯಲ್ಲಿ ಈ ಐದೂ ಕಡೆಯ ಜನ ಶಾಸಕರನ್ನು ಆರಿಸಿದ್ದು ಮದ್ರಾಸ್ ವಿಧಾನಸಭೆಗೆ.

ಜನನ ಮರಣದ ಪುಸ್ತಕ ಮದ್ರಾಸ್ ಕಾಲದಲ್ಲೂ ಹಳ್ಳಿಯ ಅಧಿಕಾರಿಯ ಕೈಯಲ್ಲಿತ್ತು, ಆದರೆ ಎಲ್ಲ ಊರಿನದೂ ಉಳಿದಿಲ್ಲ. ಈಗಿನ ವ್ಯವಸ್ಥೆ 1969ರ ಜನನ ಮರಣ ನೋಂದಣಿ ಕಾಯ್ದೆಯದು. ಹಿಂದೆಂದೋ ಆದ ಸಾವನ್ನು ಬರೆಸಿಯೇ ಇಲ್ಲ ಎಂದಾದರೆ, ಒಂದು ವರ್ಷ ಮೀರಿದ ಪ್ರಕರಣಗಳಿಗೆ ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟ್, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು.

ಬಿಟ್ಟುಹೋದ ಹೆಸರುಗಳು

ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ "ಇಂಥವರ ಹೆಂಡತಿ, ಇಂಥವರ ತಾಯಿ" ಎಂದಷ್ಟೇ ಬರೆಸಿದ್ದರಿಂದ ಪಟ್ಟಿಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ನಮ್ಮ ಮನೆಗಳ ವಂಶವೃಕ್ಷದಲ್ಲಿ ಅದೇ ಕೆಲಸ ಇವತ್ತಿಗೂ ಸದ್ದಿಲ್ಲದೆ ನಡೆದಿದೆ. ಗಂಡಸರ ಹೆಸರು ಏಳು ತಲೆಗೆ ಹೋಗುತ್ತದೆ, ಮುತ್ತಜ್ಜಿಯ ಹೆಸರು ಕೇಳಿದರೆ ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ನಾಡಕಚೇರಿಗೆ ಕೊಡುವ ವಂಶವೃಕ್ಷದ ಪ್ರಮಾಣಪತ್ರದಲ್ಲಿ ಕೊಟ್ಟ ಹೆಣ್ಣುಮಕ್ಕಳನ್ನು ಬಿಡುವುದು ಮರೆವಲ್ಲ, ಲೆಕ್ಕಾಚಾರ. ಕರ್ನಾಟಕ 1994ರಲ್ಲೇ, ಕೇಂದ್ರ 2005ರಲ್ಲಿ ಕಾನೂನು ತಿದ್ದಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿವೆ. ಬಿಟ್ಟ ಹೆಸರು ಮುಂದೆ ಕೋರ್ಟಿನಲ್ಲಿ ಎದ್ದು ನಿಲ್ಲುತ್ತದೆ.

ಮನೆಯವರು ಬಾಯಿಬಿಟ್ಟು ಹೇಳದ ಇನ್ನೂ ಕೆಲವು ಹೆಸರುಗಳಿವೆ. ಎರಡನೇ ಹೆಂಡತಿ, ಬಾಣಂತನದಲ್ಲಿ ಸತ್ತವಳು, ದೇವರಿಗೆ ಬಿಟ್ಟವಳು. ದೇವದಾಸಿ ಪದ್ಧತಿಗೆ ಕರ್ನಾಟಕ 1982ರಲ್ಲಿ ಕಾನೂನಿನ ತಡೆ ಹಾಕಿತು. ಆದರೆ ಈ ತಾಲೂಕುಗಳಲ್ಲಿ ದುಡಿದು ಅಣ್ಣತಮ್ಮಂದಿರನ್ನು ಸಾಕಿದ ಅಂಥ ಅತ್ತೆಯರನ್ನು ವಂಶವೃಕ್ಷದಿಂದಲೇ ಅಳಿಸಿದ ಮನೆಗಳಿವೆ. ಬದುಕಿರುವವರ ವಿಷಯ ಅವರ ಒಪ್ಪಿಗೆ ಇಲ್ಲದೆ ಬರೆಯಬಾರದು. ತೀರಿಕೊಂಡವರ ಹೆಸರನ್ನಾದರೂ ಬರೆಯದೆ ಬಿಡಬಾರದು. ಚರಿತ್ರೆಗೆ ಬಣ್ಣ ಹಚ್ಚದೆ ಬರೆಯುವುದನ್ನು ಈ ನೆಲಕ್ಕೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯ ಸಾಹಿತಿ ಬೀಚಿ ತಮ್ಮ ಆತ್ಮಕಥೆಗೆ 'ಭಯಾಗ್ರಫಿ' ಎಂದು ಹೆಸರಿಟ್ಟವರು.

ಕೂಡಿಟ್ಟದ್ದನ್ನು ಕಾಯುವುದು ಕೊನೆಯ ಕೆಲಸ. ಹಳೆಯ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಒಳಗೇ ಕೆಡುತ್ತದೆ, ಬಿಚ್ಚಲೂ ಆಗದು. ಫೋಟೊ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ. ಧ್ವನಿಮುದ್ರಣವನ್ನು ಒಂದು ಫೋನಿನಲ್ಲೇ ಬಿಡದೆ ಮೂರು ಕಡೆ ಇಡಿ, ಒಂದು ಪ್ರತಿ ಬೇರೆ ಊರಿನ ನೆಂಟರಲ್ಲಿರಲಿ. ಛಾಪಾ ಕಾಗದ ಸಿಕ್ಕರೆ ಎಸೆಯಬೇಡಿ. ಅದರ ಮೇಲಿರುವುದು ಐದನೇ ಜಾರ್ಜೋ ಆರನೇ ಜಾರ್ಜೋ ಎಂಬುದರಿಂದಲೇ ಬರೆದದ್ದು 1936ಕ್ಕೆ ಹಿಂದೋ ಮುಂದೋ ಎಂದು ಅಂದಾಜು ಮಾಡಬಹುದು. ವಂಶಾವಳಿ ಬರೆದ ಮೇಲೆ ಕೆಳಗೆ ತಾರೀಖು ಹಾಕಿ, ಹಿರಿಯರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ತೀರಿಕೊಂಡವರ ಸಂಬಂಧ ಸಾಬೀತು ಮಾಡಲು ಮನೆತನದ ವಂಶಾವಳಿಯನ್ನು, ಸಮಾಧಿಕಲ್ಲಿನ ಬರಹವನ್ನು ಸಹ ಸಾಕ್ಷ್ಯ ಕಾನೂನು ಪರಿಗಣಿಸುತ್ತದೆ. ಆದರೆ ಅದು ವ್ಯಾಜ್ಯ ಹುಟ್ಟುವ ಮೊದಲೇ ಬರೆದದ್ದಾಗಿರಬೇಕು.

ಈ ಕೆಲಸ ಶುರುಮಾಡಲು ದಿನ ಹುಡುಕುವವರಿಗೆ ಮಹಾಲಯ ಅಮಾವಾಸ್ಯೆಯ ಹಿರೇರ ಹಬ್ಬ ಅನುಕೂಲ. ಎಡೆ ಇಡುವಾಗ ಯಾರ ಯಾರ ಹೆಸರು ಹೇಳುತ್ತಾರೆ ಎಂಬುದನ್ನು ಕೇಳಿಸಿಕೊಂಡು ಬರೆದುಕೊಂಡರೆ ಪಟ್ಟಿಯ ಅರ್ಧ ಅಲ್ಲೇ ಸಿಗುತ್ತದೆ. ಆದರೆ ಮನೆಯಲ್ಲಿ ಎಂಬತ್ತೈದು ದಾಟಿದವರಿದ್ದರೆ ಹಬ್ಬದವರೆಗೆ ಕಾಯಬೇಡಿ. ಈ ಭಾನುವಾರ ಬೆಳಗ್ಗೆಯೇ ಹೋಗಿ ಕೂರಿ. ತಾಲೂಕು ಕಚೇರಿ ಸೋಮವಾರವೂ ತೆರೆದಿರುತ್ತದೆ.